‘ಮೂರು ತಿಂಗಳು ತಡಕೋ’ ಅಂದರು: ಹೊಟ್ಟೆ ಮೇಲಿನ ಚೀಲದ ಜೊತೆ ಹನ್ನೊಂದು ತಿಂಗಳು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಿಗೆ ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)

ಶುರು ಮಾಡೋಕೆ ಮುಂಚೆ ಒಂದು ಮಾತು. ಇವತ್ತು ನಾನು ಕರುಳಿನ ಬಗ್ಗೆ, ಮಲದ ಬಗ್ಗೆ, ಹೊಟ್ಟೆಗೆ ಅಂಟಿಸಿಕೊಳ್ಳುವ ಚೀಲದ ಬಗ್ಗೆ ಮಾತಾಡ್ತೀನಿ. ಊಟ ಮಾಡ್ತಾ ಕೇಳ್ತಾ ಇದ್ದರೆ ಊಟ ಮುಗಿಸಿ ಬನ್ನಿ. ಸಂಚಿಕೆ ಎಲ್ಲೂ ಓಡಿಹೋಗಲ್ಲ.

ಈ ಪಾಡ್‌ಕಾಸ್ಟ್ ಕೇಳುವವರಿಗೆ ಗೊತ್ತು, ನಾನು ಬಿ.ಕಾಂ ಓದಿದವಳು. ಇಲ್ಲಿ ಮಾತಾಡೋದು ಸಾಲ, ಉಳಿತಾಯ, ಅಂಗಡಿ ಲೆಕ್ಕ, ಜಿಎಸ್‌ಟಿ. ನಡುವೆ ನಾಲ್ಕು ತಿಂಗಳು ಸಂಚಿಕೆ ಬರಲಿಲ್ಲ. ತುಂಬಾ ಜನ ಮೆಸೇಜ್ ಮಾಡಿ ಕೇಳಿದ್ರಿ. “ಆರೋಗ್ಯ ಸರಿ ಇರಲಿಲ್ಲ” ಅಂತಷ್ಟೇ ಉತ್ತರ ಕೊಟ್ಟಿದ್ದೆ. ಇವತ್ತು ಪೂರ್ತಿ ಹೇಳ್ತೀನಿ. ಕಾರಣ ಇಷ್ಟೇ: ನನಗೆ ಇದು ಆದಾಗ ಕನ್ನಡದಲ್ಲಿ, ನಮ್ಮ ಕಡೆಯ ಊಟ, ಉಡುಗೆ, ಬಿಸಿಲು ಗೊತ್ತಿರುವವರು ಯಾರಾದರೂ ಹೇಳಿದ್ದನ್ನು ಕೇಳಬೇಕು ಅಂತ ತುಂಬಾ ಹುಡುಕಿದೆ. ನನ್ನ ಕೈಗೆ ಸಿಗಲಿಲ್ಲ.

ಏನಾಯ್ತು?

ಕಳೆದ ಶ್ರಾವಣದಲ್ಲಿ ಜ್ವರ ಬಂತು. ಟೈಫಾಯ್ಡ್. ಔಷಧಿ ನಡೀತಾ ಇತ್ತು. ಮೂರನೇ ವಾರ ಒಂದು ರಾತ್ರಿ ಹೊಟ್ಟೆ ಹಲಗೆಯ ಹಾಗೆ ಬಿಗಿಯಾಯ್ತು. ಮುಟ್ಟಿದರೆ ಜೀವ ಹೋಗುವಷ್ಟು ನೋವು. ಬಾದಾಮಿಯಿಂದ ಬಾಗಲಕೋಟೆಗೆ ಕರೆದುಕೊಂಡು ಹೋದರು. ಬೆಳಗಾಗುವಷ್ಟರಲ್ಲಿ ಆಪರೇಷನ್ ಮುಗಿದಿತ್ತು.

ಟೈಫಾಯ್ಡ್ ಬರೀ ಜ್ವರ ಅಲ್ಲ. ಆ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಕೊನೆಯ ಭಾಗದಲ್ಲಿ ಹುಣ್ಣು ಮಾಡುತ್ತೆ. ಕೆಲವರಿಗೆ, ಹೆಚ್ಚಾಗಿ ಎರಡನೇ ಅಥವಾ ಮೂರನೇ ವಾರದಲ್ಲಿ, ಆ ಹುಣ್ಣು ಕರುಳನ್ನೇ ತೂತು ಮಾಡುತ್ತೆ. ಒಳಗಿನದೆಲ್ಲ ಹೊಟ್ಟೆಯೊಳಗೆ ಸೋರಿ ಕೀವಾಗುತ್ತೆ. ಅಂಥ ಹೊಟ್ಟೆಯಲ್ಲಿ ಕರುಳನ್ನು ಹೊಲಿದು ಹಾಗೇ ಬಿಟ್ಟರೆ ಹೊಲಿಗೆ ಬಿಟ್ಟುಕೊಳ್ಳುವ ಭಯ. ಹಾಗಾಗಿ ಎಷ್ಟೋ ಸಲ ಕರುಳಿನ ಒಂದು ಭಾಗವನ್ನು ಹೊಟ್ಟೆಯ ಗೋಡೆಯಿಂದ ಹೊರಗೆ ತಂದು ಬಾಯಿ ಮಾಡಿ ಇಡ್ತಾರೆ. ಅದೇ ಸ್ಟೋಮಾ. ಸಣ್ಣ ಕರುಳಿನದಾದರೆ ಇಲಿಯಾಸ್ಟಮಿ, ದೊಡ್ಡ ಕರುಳಿನದಾದರೆ ಕೊಲಾಸ್ಟಮಿ. ನನ್ನದು ಇಲಿಯಾಸ್ಟಮಿ.

ಸ್ಟೋಮಾ ಅನ್ನೋದು ಗ್ರೀಕ್ ಪದ. ಅರ್ಥ ಬಾಯಿ. ಗ್ರೀಕ್ ಗೊತ್ತಿಲ್ಲದ ನಮ್ಮ ಆಯಿ ಮೊದಲ ದಿನ ನೋಡಿ ಅಂದಿದ್ದೂ ಅದನ್ನೇ: “ಹೊಟ್ಟಿಗೆ ಇನ್ನೊಂದು ಬಾಯಿ ಇಟ್ಟಾರ ನೋಡವ್ವ.”

ನೋಡೋಕೆ ಕೆಂಪಗೆ, ಒದ್ದೆಯಾಗಿ, ನಮ್ಮ ತುಟಿಯ ಒಳಭಾಗದ ಹಾಗೆ ಇರುತ್ತೆ. ಅದಕ್ಕೆ ನೋವು ತಿಳಿಯಲ್ಲ, ಮುಟ್ಟಿದರೂ ಗೊತ್ತಾಗಲ್ಲ. ಒರೆಸುವಾಗ ಒಂದೆರಡು ಹನಿ ರಕ್ತ ಬಂದರೆ ಗಾಬರಿ ಬೇಡ. ಆದರೆ ಅದರ ಬಣ್ಣ ನೇರಳೆ ಅಥವಾ ಕಪ್ಪಾದರೆ, ಅಥವಾ ಹೊಟ್ಟೆ ನುಲಿಯುತ್ತಾ ಐದಾರು ಗಂಟೆ ಚೀಲಕ್ಕೆ ಏನೂ ಬರದಿದ್ದರೆ, ತಕ್ಷಣ ಆಸ್ಪತ್ರೆಗೆ ಹೋಗಬೇಕು. ಈ ಸಂಚಿಕೆಯಲ್ಲಿ ಒಂದೇ ವಾಕ್ಯ ನೆನಪಿಡ್ತೀನಿ ಅಂದರೆ ಇದನ್ನು ನೆನಪಿಡ್ರಿ.

‘ತಾತ್ಕಾಲಿಕ’ ಅನ್ನುವ ಪದ

ವಾರ್ಡಿನಲ್ಲಿ ಎಲ್ಲರೂ ಹೇಳಿದ್ದು ಒಂದೇ ಮಾತು: “ಇದು ತಾತ್ಕಾಲಿಕ. ಮೂರ್ ತಿಂಗಳ ತಡಕೋ, ಆಮ್ಯಾಲೆ ಒಳಗ ಹಾಕ್ತಾರ.” ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ರು. ಆದರೆ ಆ ಪದದ ಪರಿಣಾಮ ನೋಡ್ರಿ. ತಾತ್ಕಾಲಿಕ ಅಂದ ಮೇಲೆ ಚೀಲ ಬದಲಿಸೋದನ್ನು ಯಾರೂ ನನಗೆ ಸರಿಯಾಗಿ ಕಲಿಸಲಿಲ್ಲ. ಡಿಸ್ಚಾರ್ಜ್ ದಿನ ಒಬ್ಬ ಸಿಸ್ಟರ್ ಗಡಿಬಿಡಿಯಲ್ಲಿ ಒಂದು ಸಲ ಹಚ್ಚಿ ತೋರಿಸಿದ್ರು, ಅಷ್ಟೇ. ತಾತ್ಕಾಲಿಕ ಅಂದ ಮೇಲೆ ಮನೆಯಲ್ಲಿ “ಯಾರ ಮುಂದೂ ಹೇಳಬ್ಯಾಡ, ಮುಗಿದು ಹೋಗ್ತೈತಿ” ಅಂದ್ರು. ಕೆಲಸ, ಜಾತ್ರೆ, ಮದುವೆ ಮಾತು, ಎಲ್ಲಾ “ಆಮ್ಯಾಲೆ” ಅಂತ ಮುಂದಕ್ಕೆ ಹೋಯ್ತು.

ಮೂರು ತಿಂಗಳಾಯ್ತು. ರಕ್ತ ಕಡಿಮೆ, ತೂಕ ಕಡಿಮೆ ಅಂತ ಆಪರೇಷನ್ ಮುಂದೂಡಿದರು. ಆರು ತಿಂಗಳಿಗೆ ಮತ್ತೆ ಸೋಂಕು. ಈಗ ಹನ್ನೊಂದು ತಿಂಗಳು. ಇದು ನನ್ನೊಬ್ಬಳ ಕಥೆ ಅಲ್ಲ. ತಾತ್ಕಾಲಿಕ ಅಂತ ಮಾಡಿದ ಸ್ಟೋಮಾ ಅಂದುಕೊಂಡಿದ್ದಕ್ಕಿಂತ ಹೆಚ್ಚು ದಿನ ಉಳಿಯೋದು ಸಾಮಾನ್ಯ. ಕೆಲವರಿಗೆ ಅದನ್ನು ಮುಚ್ಚುವುದೇ ಇಲ್ಲ. ಇವತ್ತು ನಾನು ಹೇಳಬೇಕಾದ ಮಾತು ಇದೇ: ಮೂರು ತಿಂಗಳಿಗೇ ಆಗಲಿ, ಮೂವತ್ತು ವರ್ಷಕ್ಕೇ ಆಗಲಿ, ಮೊದಲ ದಿನದಿಂದಲೇ ಅದರ ಜೊತೆ ಬದುಕೋದನ್ನು ಕಲಿಯಬೇಕು, ಕಲಿಸಬೇಕು. ಕಾಯೋದು ಬದುಕಲ್ಲ.

ಚೀಲದ ಕೆಲಸ

ಈಗ ಕೆಲಸದ ಮಾತು. ಚೀಲದಲ್ಲಿ ಎರಡು ಭಾಗ: ಚರ್ಮಕ್ಕೆ ಅಂಟುವ ಬಿಲ್ಲೆ, ಅದಕ್ಕೆ ಹೊಂದಿಕೊಂಡ ಚೀಲ. ಕೆಲವದರಲ್ಲಿ ಎರಡೂ ಸೇರಿ ಒಂದೇ ತುಂಡು. ಬಿಲ್ಲೆಯ ನಡುವೆ ಸ್ಟೋಮಾದ ಅಳತೆಗೆ ತೂತು ಕತ್ತರಿಸಬೇಕು. ಸುತ್ತ ಎರಡು ಮೂರು ಮಿಲಿಮೀಟರ್ ಮಾತ್ರ ಜಾಗ ಬಿಡಬೇಕು. ಜಾಸ್ತಿ ಬಿಟ್ಟರೆ ಮಲ ಚರ್ಮಕ್ಕೆ ತಾಗುತ್ತೆ. ಸಣ್ಣ ಕರುಳಿನಿಂದ ಬರುವುದರಲ್ಲಿ ಅನ್ನ ಅರಗಿಸುವ ರಸ ಇರುತ್ತೆ. ಅದು ಚರ್ಮವನ್ನೂ ಬಿಡಲ್ಲ. ಎರಡೇ ದಿನದಲ್ಲಿ ಸುಟ್ಟ ಗಾಯದ ಹಾಗಾಗುತ್ತೆ.

ಇಲಿಯಾಸ್ಟಮಿ ಎರಡು ಮೂರು ಸೆಂಟಿಮೀಟರ್ ಮೊಗ್ಗಿನ ಹಾಗೆ ಹೊರಗೆ ನಿಂತಿರುವುದೂ ಇದಕ್ಕೇ. ಮೊದಲು ಅದು ಚರ್ಮದ ಮಟ್ಟಕ್ಕೇ ಇರುತ್ತಿತ್ತು. ಕರುಳಿನ ತುದಿಯನ್ನು ಮಡಚಿ ಹೊಲಿದು ಕೊಳವೆಯ ಬಾಯಿಯಂತೆ ಎತ್ತರಿಸುವ ವಿಧಾನವನ್ನು 1952ರಲ್ಲಿ ಪ್ರಕಟಿಸಿದವರು ಇಂಗ್ಲೆಂಡಿನ ಸರ್ಜನ್ ಬ್ರಯಾನ್ ಬ್ರೂಕ್. ಮಲ ಈಗ ಚರ್ಮದ ಮೇಲೆ ಹರಿಯದೆ ನೇರ ಚೀಲಕ್ಕೆ ಬೀಳುತ್ತೆ.

ಚೀಲ ಮೂರರಲ್ಲಿ ಒಂದು ಭಾಗ ತುಂಬಿದಾಗಲೇ ಖಾಲಿ ಮಾಡಬೇಕು. ಭಾರವಾದರೆ ಬಿಲ್ಲೆ ಕಿತ್ತುಬರುತ್ತೆ. ನಾನು ದಿನಕ್ಕೆ ಐದಾರು ಸಲ ಖಾಲಿ ಮಾಡ್ತೀನಿ. ಚೀಲ ಬದಲಿಸೋದು ಬೆಳಿಗ್ಗೆ ಎದ್ದ ಕೂಡಲೇ, ಏನೂ ತಿನ್ನೋ ಮುಂಚೆ. ಆಗ ಕರುಳು ಸುಮ್ಮನಿರುತ್ತೆ. ಚರ್ಮ ತೊಳೆಯೋಕೆ ಬೆಚ್ಚಗಿನ ನೀರು ಸಾಕು. ಎಣ್ಣೆ, ಪೌಡರ್, ಕ್ರೀಮ್ ಇರುವ ಸೋಪು ಹಚ್ಚಿದರೆ ಬಿಲ್ಲೆ ಅಂಟಲ್ಲ. ಭಾರತೀಯ ಕಕ್ಕಸಿನಲ್ಲಿ ಖಾಲಿ ಮಾಡುವಾಗ ಮೊದಲು ಒಂದು ಚೆಂಬು ನೀರು ಸುರುವಿ, ಆಮೇಲೆ ಬಗ್ಗಿ ಖಾಲಿ ಮಾಡ್ರಿ. ಸಿಡಿಯೋದು ತಪ್ಪುತ್ತೆ.

ಬಾದಾಮಿ ಬಿಸಿಲು ನಿಮಗೆ ಗೊತ್ತು. ಏಪ್ರಿಲ್‌ನಲ್ಲಿ ಕೆಂಪು ಬಂಡೆ ಕಾದು ರಾತ್ರಿಯೂ ಬಿಸಿ ಬಿಡ್ತಾವೆ. ಬೆವರಿಗೆ ಐದು ದಿನ ಬರುವ ಬಿಲ್ಲೆ ಎರಡು ಮೂರು ದಿನಕ್ಕೇ ಎದ್ದುಬರುತ್ತೆ. ಚೀಲದ ಪ್ಲಾಸ್ಟಿಕ್ ಮತ್ತು ಚರ್ಮದ ನಡುವೆ ತೆಳ್ಳನೆ ಹತ್ತಿ ಬಟ್ಟೆ ಇಟ್ಟುಕೊಳ್ಳೋದು ನನಗೆ ಉಪಯೋಗವಾಯ್ತು. ಹೊಸ ಚೀಲಗಳನ್ನು ಪತ್ರಾಸಿನ ಕೆಳಗಿನ ಕೋಣೆಯಲ್ಲಿ ಇಡಬೇಡ್ರಿ. ಕಾವಿಗೆ ಅಂಟು ಕೆಡುತ್ತೆ.

ಲೆಕ್ಕದ ಪುಸ್ತಕ

ಲೆಕ್ಕ ಹೇಳದೆ ನಾನು ಸಂಚಿಕೆ ಮುಗಿಸೋಳಲ್ಲ. ನಾನು ಬಳಸುವ ಚೀಲ ತೆರಿಗೆ ಬಿಟ್ಟು ಒಂದಕ್ಕೆ 250 ರೂಪಾಯಿ ಆಸುಪಾಸು. ತಿಂಗಳಿಗೆ ಹತ್ತು ಬೇಕು. ಅಲ್ಲಿಗೆ 2500. ಬೇಸಿಗೆಯಲ್ಲಿ ಹನ್ನೆರಡು, ಹದಿಮೂರು. ಪೇಸ್ಟು, ಪುಡಿ ಸೇರಿ 600. ತಿಂಗಳಿಗೆ ಮೂರು ಸಾವಿರ ದಾಟುತ್ತೆ. ಬಾದಾಮಿಯಲ್ಲಿ ನಾನು ಕೇಳಿದ ಅಂಗಡಿಗಳಲ್ಲಿ ಸಿಗಲಿಲ್ಲ. ಬಾಗಲಕೋಟೆಗೆ ಹೋಗಬೇಕು, ಇಲ್ಲ ಆನ್‌ಲೈನ್ ತರಿಸಬೇಕು. ಆಪರೇಷನ್ನಿಗೆ ಸರ್ಕಾರಿ ಕಾರ್ಡ್ ನೆರವಾಯ್ತು. ಮನೆಗೆ ಬಂದ ಮೇಲಿನ ಚೀಲದ ಖರ್ಚು ಪೂರ್ತಿ ನಮ್ಮ ಜೇಬಿನದು.

ತೆರಿಗೆಯ ಕಥೆ ಕೇಳ್ರಿ. ಈ ಚೀಲ, ಬಿಲ್ಲೆ, ಪೇಸ್ಟಿಗೆಲ್ಲ ಜಿಎಸ್‌ಟಿ ಶೇ 12 ಇತ್ತು. 2022ರ ಜುಲೈ 18ರಿಂದ ಶೇ 5 ಆಯ್ತು. 2500 ರೂಪಾಯಿಗೆ ಲೆಕ್ಕ ಹಾಕಿದರೆ 300 ಇದ್ದ ತೆರಿಗೆ 125ಕ್ಕೆ ಇಳಿದಿದೆ. ಬಿಲ್ ಕೇಳಿ ಪಡೀರಿ, ಎಷ್ಟು ಹಾಕಿದ್ದಾರೆ ನೋಡ್ರಿ. ಇನ್ನೊಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳನ್ನು ಪಟ್ಟಿ ಮಾಡುತ್ತೆ. ಸ್ಟೋಮಾ ಆ ಪಟ್ಟಿಯಲ್ಲಿಲ್ಲ. ಅಂದರೆ ಜೀವನಪೂರ್ತಿ ಚೀಲ ಹಚ್ಚಿಕೊಳ್ಳುವವರಿಗೂ ಬರೀ ಆ ಕಾರಣಕ್ಕೆ ಪ್ರಮಾಣಪತ್ರವಾಗಲಿ, ಅದರಿಂದ ಬರುವ ರಿಯಾಯಿತಿಯಾಗಲಿ ಇಲ್ಲ. ತಿಂಗಳಿಗೆ ಮೂರು ಸಾವಿರ ಅಂದರೆ ನಮ್ಮ ಕಡೆ ಕೂಲಿ ಮಾಡುವ ಮನೆಗೆ ಎಷ್ಟು ದಿನದ ದುಡಿಮೆ, ನೀವೇ ಹೇಳ್ರಿ.

ಈ ಚೀಲ ಎಲ್ಲಿಂದ ಬಂತು ಅಂತ ಹುಡುಕಿದಾಗ ಎರಡು ವಿಷಯ ಸಿಕ್ಕವು. ಡೆನ್ಮಾರ್ಕಿನಲ್ಲಿ ಎಲಿಸೆ ಸೊರೆನ್ಸನ್ ಅನ್ನುವ ನರ್ಸ್ ಇದ್ದರು. ಅವರ ತಂಗಿ ಥೋರಾಗೆ ಸ್ಟೋಮಾ ಆಗಿ, ಸೋರುತ್ತೆ ಅನ್ನುವ ಭಯಕ್ಕೆ ಮನೆ ಬಿಟ್ಟು ಹೊರಗೆ ಬರೋದನ್ನೇ ನಿಲ್ಲಿಸಿದ್ದಳು. ತಂಗಿಗಾಗಿ ಅಕ್ಕ ಯೋಚಿಸಿದ್ದೇ ಚರ್ಮಕ್ಕೆ ಅಂಟುವ, ಬಳಸಿ ಬಿಸಾಡುವ ಚೀಲ. ಅದು 1954. ಅದೇ ದಶಕದಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್‌ನಲ್ಲಿ ರೂಪರ್ಟ್ ಟರ್ನ್‌ಬುಲ್ ಅನ್ನುವ ಸರ್ಜನ್ ಸ್ಟೋಮಾ ಸುತ್ತ ಕಿತ್ತುಹೋದ ಚರ್ಮ ಕಾಪಾಡೋಕೆ ಕರಾಯ ಗೋಂದಿನ ಪುಡಿ ಬಳಸಿದರು. ಕರಾಯ ಗೋಂದು ನಮ್ಮ ದೇಶದ ಒಣ ಗುಡ್ಡಗಾಡಿನ ಮರದ್ದು. ಅದೇ ಟರ್ನ್‌ಬುಲ್ ತಮ್ಮ ರೋಗಿ ನಾರ್ಮಾ ಗಿಲ್ ಅವರನ್ನು 1958ರಲ್ಲಿ ಕೆಲಸಕ್ಕೆ ಕರೆದರು. ಆಕೆಗೂ ಇಲಿಯಾಸ್ಟಮಿ ಇತ್ತು. ಹೊಸದಾಗಿ ಚೀಲ ಬಂದವರಿಗೆ ಕಲಿಸೋದೇ ಅವರ ಕೆಲಸ. ಇವತ್ತು ದೊಡ್ಡ ಆಸ್ಪತ್ರೆಗಳಲ್ಲಿ ಸ್ಟೋಮಾ ನರ್ಸ್ ಅಂತ ಇರ್ತಾರಲ್ಲ, ಆ ಕಸುಬು ಶುರುವಾದದ್ದು ಹೀಗೆ, ಒಬ್ಬ ರೋಗಿಯಿಂದ.

ನನಗೆ ಕಲಿಸಿದ್ದೂ ಒಬ್ಬ ರೋಗಿಯೇ. ಒಪಿಡಿ ಸಾಲಿನಲ್ಲಿ ಪರಿಚಯವಾದ ಗುಳೇದಗುಡ್ಡದ ಕಡೆಯ ನೇಕಾರ ಅಣ್ಣ. ಕರುಳು ತಿರುಚಿಕೊಂಡು ಆಪರೇಷನ್ ಆಗಿ ಕೊಲಾಸ್ಟಮಿ ಆಗಿತ್ತು. ಅವರದು ಕುಣಿ ಮಗ್ಗ. ಕಾಲು ಕುಣಿಯಲ್ಲಿ ಇಳಿಬಿಟ್ಟು ಕೂತರೆ, ನೇಯ್ದ ಬಟ್ಟೆ ಸುತ್ತಿಕೊಳ್ಳುವ ಮರ ಸರಿಯಾಗಿ ಹೊಟ್ಟೆಯ ಮುಂದೆಯೇ ಬರುತ್ತೆ. ಅವರು ಕೂರುವ ಹಲಗೆ ಎತ್ತರಿಸಿಕೊಂಡು, ಮರಕ್ಕೆ ಹಳೆ ದಟ್ಟಿ ಸುತ್ತಿ ನೇಯ್ತಾ ಇದ್ದರು. “ಮಗ್ಗಾ ನಿಲ್ಲಿಸಿದ್ರ ಮನಿ ನಿಲ್ತೈತಿ ತಂಗಿ” ಅಂದ್ರು. ಯೋಜನೆ ಮಾಡಿ ಮಾಡುವ ಆಪರೇಷನ್ ಆದರೆ ರೋಗಿಯನ್ನು ಕೂರಿಸಿ, ಬಗ್ಗಿಸಿ, ಸೊಂಟದ ಪಟ್ಟಿ ಎಲ್ಲಿ ಬರುತ್ತೆ ನೋಡಿ ಜಾಗ ಗುರುತು ಹಾಕ್ತಾರೆ. ತುರ್ತು ಆಪರೇಷನ್ನಿನಲ್ಲಿ ಎಷ್ಟೋ ಸಲ ಅಷ್ಟು ಸಮಯ ಇರಲ್ಲ. ಅವರದು ಮಗ್ಗದ ಮರಕ್ಕೆ ಬಂತು. ನನ್ನದು ಲಂಗದ ಲಾಡಿ ಕಟ್ಟುವ ಜಾಗಕ್ಕೇ ಬಂತು. ಈಗ ಲಾಡಿ ನಾಲ್ಕು ಬೆರಳು ಮೇಲಕ್ಕೆ ಕಟ್ಟಿ ಸೀರೆ ಉಡ್ತೀನಿ. ಇಳಕಲ್ ಸೀರೆಯ ನೆರಿಗೆ ಒಳಗೆ ಚೀಲ ಕಾಣೋದೇ ಇಲ್ಲ.

ಊಟ, ನೀರು, ಉಪ್ಪು

ಮೊದಲ ತಿಂಗಳು ಹೆದರಿ ಬರೀ ಗಂಜಿ ಕುಡಿದೆ. ತೂಕ ಇಳಿಯಿತು. ಆಮೇಲೆ ಒಂದೊಂದೇ ಪದಾರ್ಥ ಸೇರಿಸ್ತಾ ಬಂದೆ. ಮೆತ್ತಗಿನ ಅನ್ನ, ಮೊಸರು, ಬಾಳೆಹಣ್ಣು ಮಲವನ್ನು ಗಟ್ಟಿ ಮಾಡ್ತಾವೆ. ಜೋಳದ ರೊಟ್ಟಿ ಬಿಟ್ಟು ಇರೋದು ನಮ್ಮ ಕಡೆಯವರಿಂದ ಆಗೋ ಮಾತಲ್ಲ. ಬಿಸಿ ರೊಟ್ಟಿಯನ್ನು ಬೇಳೆ ಸಾರಿನಲ್ಲಿ ನೆನೆಸಿ, ಚೆನ್ನಾಗಿ ಅಗಿದು ತಿಂದೆ. ಒಗ್ಗಿತು. ಹುಷಾರಾಗಿರಬೇಕಾದದ್ದು ಇಡೀ ಶೇಂಗಾ, ಹಸಿ ಕೊಬ್ಬರಿ, ಗೊಂಜಾಳ, ಸಿಪ್ಪೆ ಸಮೇತ ಕಾಳು. ಇವು ಅರಗದೆ ಬಂದು ಬಾಯಿ ಕಟ್ಟಬಹುದು. ಶೇಂಗಾ ಹಿಂಡಿಯನ್ನು ಅವ್ವ ಈಗ ನುಣ್ಣಗೆ ಕುಟ್ಟಿ, ಸೋಸಿ ಕೊಡ್ತಾಳೆ. ಮೂಲಂಗಿ, ಹಸಿ ಉಳ್ಳಾಗಡ್ಡಿಗೆ ಗ್ಯಾಸ್ ಜಾಸ್ತಿ. ಚೀಲ ಪುಗ್ಗೆಯ ಹಾಗೆ ಉಬ್ಬುತ್ತೆ. ಮನೆಯಲ್ಲಿದ್ದಾಗ ತಿಂತೀನಿ, ಬಸ್ ಹತ್ತುವ ದಿನ ಇಲ್ಲ.

ನೀರಿನ ವಿಷಯ ಬಹಳ ಮುಖ್ಯ. ಸಣ್ಣ ಕರುಳಿನಿಂದ ದಿನಕ್ಕೆ ಸುಮಾರು ಒಂದೂವರೆ ಲೀಟರ್ ದ್ರವ ದೊಡ್ಡ ಕರುಳಿಗೆ ಹೋಗುತ್ತೆ. ಅದರಲ್ಲಿ ಬಹುಪಾಲು ನೀರು, ಉಪ್ಪನ್ನು ದೊಡ್ಡ ಕರುಳು ವಾಪಸ್ ಹೀರಿಕೊಳ್ಳುತ್ತೆ. ಇಲಿಯಾಸ್ಟಮಿ ಆದವರಿಗೆ ಆ ದಾರಿ ಬಂದ್. ನೀರಿನ ಜೊತೆ ಉಪ್ಪೂ ಹೋಗುತ್ತೆ. ಬಾಯಾರಿಕೆ ಆಯ್ತು ಅಂತ ಬರೀ ನೀರು ಚೆಂಬುಗಟ್ಟಲೆ ಕುಡಿದರೆ ಚೀಲಕ್ಕೆ ಇನ್ನೂ ಜಾಸ್ತಿ ಹೋಗುತ್ತೆ. ಉಪ್ಪು ಹಾಕಿದ ಮಜ್ಜಿಗೆ, ಗಂಜಿ, ಓಆರ್‌ಎಸ್ ಬೇಕು. ಓಆರ್‌ಎಸ್ ಅಂದರೆ ಪುಡಿಯ ಪೊಟ್ಟಣ, ಅದರ ಮೇಲೆ ಬರೆದಷ್ಟೇ ನೀರಿಗೆ. ಸಿಹಿ ಡಬ್ಬಿ ಪಾನೀಯಗಳ ಮೇಲೂ ಓಆರ್‌ಎಸ್ ಅಂತ ಬರೆಯುತ್ತಿದ್ದರು. 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅದನ್ನು ನಿಲ್ಲಿಸಲು ಆದೇಶಿಸಿತು. ಎಷ್ಟು ಕುಡಿಯಬೇಕು ಅನ್ನೋದನ್ನು ನಿಮ್ಮ ಡಾಕ್ಟರನ್ನೇ ಕೇಳ್ರಿ. ಕಿಡ್ನಿ, ಬಿಪಿ ಇರುವವರು ಕೇಳಲೇಬೇಕು. ತಲೆ ಸುತ್ತಿದರೆ, ಮೂತ್ರ ಕಡಿಮೆಯಾದರೆ, ದಿನಕ್ಕೆ ಒಂದೂವರೆ ಲೀಟರಿಗಿಂತ ಜಾಸ್ತಿ ಚೀಲಕ್ಕೆ ಹೋದರೆ ಕಾಯಬೇಡ್ರಿ. ನುಂಗಿದ ಮಾತ್ರೆ ಹಾಗೇ ಇಡಿಯಾಗಿ ಚೀಲದಲ್ಲಿ ಕಂಡರೆ ಅದನ್ನೂ ಡಾಕ್ಟರಿಗೆ ಹೇಳ್ರಿ.

ಜಾತ್ರೆ ಮತ್ತು ಸೂತಕ

ಬನದ ಹುಣ್ಣಿಮೆ ಬಂತು. ಬನಶಂಕರಿ ಜಾತ್ರೆ. ಬಾದಾಮಿಯವರಿಗೆ ಜಾತ್ರೆ ಅಂದರೆ ತೇರು, ಮಿಠಾಯಿ ಅಂಗಡಿ, ರಾತ್ರಿಯಿಡೀ ನಾಟಕ. ನಾನು ಹೊರಟೆ. ಚಿಗವ್ವ ಬಾಗಿಲಲ್ಲೇ ತಡೆದರು. “ಹೊಟ್ಟಿ ಮ್ಯಾಲೆ ಅದನ್ನ ಕಟಗೊಂಡು ದೇವರ ಮುಂದ ನಿಲ್ತೀಯೇನು? ಮೈಲಿಗಿ ಅಲ್ಲೇನು?” ಅವರು ಕೆಟ್ಟವರಲ್ಲ. ಆಸ್ಪತ್ರೆಯಲ್ಲಿ ಹನ್ನೊಂದು ರಾತ್ರಿ ನನ್ನ ಪಕ್ಕ ಮಲಗಿದವರೇ ಅವರು. ಆದರೆ ಆ ಮಾತು ಚುಚ್ಚಿತು. ಚಪ್ಪಲಿ ಬಿಚ್ಚಿ ವಾಪಸ್ ಒಳಗೆ ಬಂದೆ.

ಆಯಿ ಜಗಲಿ ಮೇಲೆ ಕೂತಿದ್ದಳು. ಎಂಬತ್ತು ದಾಟಿದ ಜೀವ. “ಲಿಂಗಾ ಕಟ್ಟಿದ ಮೈಗೆ ಸೂತಕ ಎಲ್ಲಿಂದ ಬಂತು? ಬಸವಣ್ಣ ಅದನ್ನೆಲ್ಲಾ ಕಿತ್ತಿ ಒಗದು ಎಂಟನೂರು ವರ್ಷ ಆತು. ನಿಮ್ಮೆಲ್ಲಾರ ಹೊಟ್ಟ್ಯಾಗೂ ಅದ ಐತಿ. ಇಕಿದು ಹೊರಗ ಐತಿ, ಅಷ್ಟ. ನೀ ಹೋಗವ್ವ” ಅಂದಳು. ಹೋದೆ. ಚಿಗವ್ವನೂ ಬಂದರು. ಜನಜಂಗುಳಿಯಲ್ಲಿ ಯಾರ ಮೊಳಕೈಯೂ ತಾಗದ ಹಾಗೆ ನನ್ನ ಎಡಬದಿಗೆ ನಿಂತು ದಾರಿ ಮಾಡಿಕೊಟ್ಟವರೂ ಅವರೇ. ಪರ್ಸಿನಲ್ಲಿ ಒಂದು ಹೆಚ್ಚುವರಿ ಚೀಲ, ಮೊದಲೇ ತೂತು ಕತ್ತರಿಸಿಟ್ಟದ್ದು, ಒದ್ದೆ ಬಟ್ಟೆ, ಒಂದು ಬಾಟಲ್ ನೀರು. ಇಷ್ಟಿದ್ದರೆ ಎಲ್ಲಿಗೆ ಬೇಕಾದರೂ ಹೋಗಬಹುದು.

ಹೇಳಬೇಕೋ ಬೇಡವೋ

ಕೊನೆಗೆ ಕಷ್ಟದ ವಿಷಯ. ಹುನಗುಂದ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಆಪರೇಷನ್ನಿಗೂ ಮೊದಲಿನ ಮಾತುಕತೆ ಅದು. ಮನೆಯಲ್ಲಿ ಎಲ್ಲರ ಅಭಿಪ್ರಾಯ ಒಂದೇ: ಚೀಲ ಹೋಗೋವರೆಗೂ ಏನಾದರೂ ನೆಪ ಹೇಳಿ ದಿನ ದೂಡೋದು, ಹೋದ ಮೇಲೆ ಹೇಳೋ ಅಗತ್ಯವೇ ಇಲ್ಲ. ನನಗೆ ಒಪ್ಪಿಗೆ ಆಗಲಿಲ್ಲ. ಹೊಟ್ಟೆಯ ನಡುವೆ ಗೇಣುದ್ದದ ಗುರುತು ಇದೆ. ಚೀಲ ಹೋದರೂ ಅದು ಹೋಗಲ್ಲ. ಹುಡುಗನಿಗೆ ನಾನೇ ಫೋನ್ ಮಾಡಿ ಹೇಳಿದೆ. ಆತ ಸಮಾಧಾನದಿಂದ ಕೇಳಿದ. ನಾಲ್ಕು ದಿನಕ್ಕೆ ಅವರ ಮನೆಯಿಂದ ಸುದ್ದಿ ಬಂತು: ಜಾತಕ ಕೂಡಲಿಲ್ಲವಂತೆ.

ಆ ರಾತ್ರಿ ಅತ್ತೆ. ಅತ್ತಿಲ್ಲ ಅಂತ ಸುಳ್ಳು ಹೇಳಲ್ಲ. ಅಪ್ಪ ಹೊರಗೆ ಕೂತಿದ್ದವರು ಒಳಗೆ ಬಂದು ಒಂದೇ ಮಾತು ಅಂದರು: “ಜಾತಕ ಆರು ತಿಂಗಳ ಹಿಂದ ಕೂಡಿತ್ತು. ಈಗ ಕೂಡದಿದ್ದದ್ದು ಮನಸ. ಮೊದಲ ಗೊತ್ತಾತಲ್ಲ, ಚಲೋ ಆತು ಬಿಡು.” ಮಾರನೇ ದಿನದಿಂದ ಅಪ್ಪ ಚೀಲವನ್ನು ಮುಚ್ಚಿಡೋದು ಬಿಟ್ಟರು. ಪಾರ್ಸಲ್ ಬಂದಾಗ “ಏನ್ರೀ ಇದು?” ಅಂತ ಪಕ್ಕದ ಮನೆಯವರು ಕೇಳಿದರೆ, “ಮಗಳ ಹೊಟ್ಟಿ ಚೀಲ” ಅಂತಾರೆ. ಹಾಗೆ ಅಂದ ಮೇಲೆ ಓಣಿಯ ಇನ್ನೊಂದು ತುದಿಯಿಂದ ಒಬ್ಬ ತಾಯಿ ಬಂದರು. ಅವರ ಯಜಮಾನರಿಗೂ ಕ್ಯಾನ್ಸರ್ ಆಪರೇಷನ್ ಆಗಿ ಎರಡು ವರ್ಷದಿಂದ ಚೀಲ ಇದೆಯಂತೆ. ನಮ್ಮ ಮನೆಯಿಂದ ಇನ್ನೂರು ಹೆಜ್ಜೆ. ಇಬ್ಬರಿಗೂ ಗೊತ್ತಿರಲಿಲ್ಲ. ಈಗ ಎರಡು ಮನೆಗೂ ಸೇರಿ ಒಟ್ಟಿಗೆ ಚೀಲ ತರಿಸ್ತೀವಿ. ಸಾಗಣೆ ಖರ್ಚು ಅರ್ಧ.

ಮುಂದಿನ ತಿಂಗಳು ನನಗೆ ಮತ್ತೆ ಪರೀಕ್ಷೆ ಇದೆ. ಮುಚ್ಚಬಹುದು ಅಂದರೆ ಖಂಡಿತ ಮುಚ್ಚಿಸಿಕೊಳ್ತೀನಿ. ಚೀಲ ಇಷ್ಟ ಅಂತ ಹೇಳೋಷ್ಟು ದೊಡ್ಡವಳಲ್ಲ ನಾನು. ಆದರೆ ಆಗಲ್ಲ ಅಂದರೂ ಮರುದಿನ ಬೆಳಿಗ್ಗೆ ಚೀಲ ಬದಲಿಸಿ ಕೆಲಸಕ್ಕೆ ಕೂರೋದು ಗೊತ್ತಿದೆ.

ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗಾಗಿದ್ದರೆ, ಡಿಸ್ಚಾರ್ಜ್ ಆಗೋ ಮುಂಚೆ ನಿಮ್ಮ ಕೈಯಿಂದಲೇ ಎರಡು ಸಲ ಚೀಲ ಬದಲಿಸಿ ತೋರಿಸಿ, ಆಮೇಲೆ ಮನೆಗೆ ಬನ್ನಿ. “ಕಲಿಸಿಕೊಡ್ರಿ” ಅಂತ ಕೇಳೋದು ನಿಮ್ಮ ಹಕ್ಕು. ಮುಂಬೈನಲ್ಲಿ ಆಸ್ಟಮಿ ಅಸೋಸಿಯೇಷನ್ ಆಫ್ ಇಂಡಿಯಾ ಇದೆ, ಸ್ಟೋಮಾ ಇರುವವರಿಗಾಗಿಯೇ ಇರುವ ಸಂಸ್ಥೆ. ಅಕ್ಟೋಬರ್ ಮೊದಲ ಶನಿವಾರ ವಿಶ್ವ ಆಸ್ಟಮಿ ದಿನ. ಅಷ್ಟರೊಳಗೆ ಬಾಗಲಕೋಟೆ ಜಿಲ್ಲೆಯಲ್ಲಿ ಚೀಲ ಇರುವ ಹತ್ತು ಜನ ಒಂದು ಕಡೆ ಕೂತು ಚಹಾ ಕುಡಿಯಬೇಕು ಅಂತ ನನ್ನ ಆಸೆ. ಬರೋರು ಮೆಸೇಜ್ ಮಾಡ್ರಿ. ಹೆಸರು ಹೇಳಬೇಕಿಲ್ಲ.

ಮುಂದಿನ ವಾರ ಸ್ವಸಹಾಯ ಸಂಘದ ಸಾಲದ ಬಡ್ಡಿ ಲೆಕ್ಕ.